ಸೊಪ್ಪು ಕಡಿಯುವವರಿಲ್ಲದ ಕಾಡು

ಪ್ರೀತಿಯ ರಾಘು,

ಬೆಟ್ಟದ ಮತ್ತಿ ಮರದ ಫೋಟೋ ಕಳಿಸಿದ್ದೆಯಲ್ಲ, ಅದು ಬಂದಾಗ ನಾನೂ ಒಂದು ಮರದ ಬುಡದಲ್ಲೇ ನಿಂತಿದ್ದೆ. ಇಂಗ್ಲೆಂಡಿನಲ್ಲಿ, ಸ್ಲೌ ಊರಿನ ನಮ್ಮ ಮನೆಯಿಂದ ಕಾರಿನಲ್ಲಿ ಹೋದರೆ ಹತ್ತಿರವೇ, ಬರ್ನಮ್ ಬೀಚಸ್ ಅಂತ ಕಾಡು. ಅಮ್ಮನಿಗೆ ಫೋನಿನಲ್ಲಿ ಹೇಳಿದರೆ "ಅಲ್ಲಿ ಸಮುದ್ರ ಇದ್ದಾ?" ಅಂದಳು. ಸಮುದ್ರ ಅಲ್ಲ, ಬೀಚ್ ಅನ್ನುವುದು ಇಲ್ಲಿಯ ಒಂದು ಮರ.

ಮರ ನೋಡಿದರೆ ನಗು ಬರುತ್ತದೆ ಮಾರಾಯಾ. ಆಳೆತ್ತರದವರೆಗೆ ಮೊಂಡು ಕಾಂಡ, ಒಳಗೆ ಪೂರ್ತಿ ಟೊಳ್ಳು, ತಲೆಯ ಮೇಲೆ ಗಂಟು ಗಂಟು, ಆ ಗಂಟುಗಳಿಂದ ಹತ್ತಾರು ಕೊಂಬೆ. ನಮ್ಮ ಸೊಪ್ಪಿನ ಬೆಟ್ಟದ ಮರಗಳ ಅಣ್ಣತಮ್ಮಂದಿರು! ಕಾರಣವೂ ಹತ್ತಿರ ಹತ್ತಿರ ಅದೇ. ಇದು ಊರವರು ದನ ಮೇಯಿಸುತ್ತಿದ್ದ ಜಾಗ. ನೆಲ ಜಮೀನ್ದಾರನದು, ಹುಲ್ಲಿನ ಮತ್ತು ಸೌದೆಯ ಹಕ್ಕು ಊರವರದು. ಬುಡಕ್ಕೆ ಕಡಿದರೆ ಚಿಗುರನ್ನೆಲ್ಲ ದನ ತಿಂದು ಬಿಡುತ್ತವೆ, ಅದಕ್ಕೆ ದನದ ಬಾಯಿಗೆ ಎಟುಕದಷ್ಟು ಎತ್ತರದಲ್ಲಿ ಕಡಿಯುತ್ತಿದ್ದರು. ಕೆಲವು ವರ್ಷ ಬಿಟ್ಟು ಮತ್ತೆ ಅಲ್ಲೇ. ನಾವು ಗೊಬ್ಬರದ ಸೊಪ್ಪಿಗೆ ಹತ್ತಿದೆವು, ಇವರು ಒಲೆಗೆ ಹತ್ತಿದರು, ಅಷ್ಟೇ ವ್ಯತ್ಯಾಸ.

ತಮಾಷೆ ಏನೆಂದರೆ, ಕತ್ತಿ ತಿಂದ ಮರಗಳೇ ಹೆಚ್ಚು ಬಾಳಿದವು. ಸುಮ್ಮನೆ ಬೆಳೆದ ಬೀಚ್ ಇನ್ನೂರು, ಇನ್ನೂರೈವತ್ತು ವರ್ಷಕ್ಕೆ ಮುದಿಯಾಗುತ್ತದೆ. ಇಲ್ಲಿ ನಾನೂರು ದಾಟಿದವು ಇವೆ. ತಲೆಭಾರ ಆಗಾಗ ಇಳಿಯುತ್ತಿತ್ತಲ್ಲ, ಗಾಳಿಗೆ ಬೀಳಲಿಲ್ಲ. ಆಮೇಲೆ ಕಲ್ಲಿದ್ದಲು ಬಂತು, ಸೌದೆ ಯಾರಿಗೂ ಬೇಡವಾಯಿತು, ಹತ್ತೊಂಬತ್ತನೇ ಶತಮಾನದಲ್ಲಿ ಕಡಿಯುವುದೇ ನಿಂತಿತು. ಕೊಂಬೆಗಳು ಒಂದೊಂದೂ ಮರದಷ್ಟಾಗಿ, ಟೊಳ್ಳು ಕಾಂಡ ಭಾರ ತಡೆಯದೆ ಸೀಳತೊಡಗಿತು.

1879ರಲ್ಲಿ ಈ ಕಾಡು ಮಾರಾಟಕ್ಕೇ ಬಂದಿತ್ತು, ದೊಡ್ಡವರ ಬಂಗಲೆ ಕಟ್ಟಲು ಒಳ್ಳೇ ಜಾಗ ಅಂತ. ಫ್ರಾನ್ಸಿಸ್ ಜಾರ್ಜ್ ಹೀತ್ ಎಂಬ ಬರಹಗಾರ ಗಲಾಟೆ ಎಬ್ಬಿಸಿದ, 1880ರಲ್ಲಿ ಸಿಟಿ ಆಫ್ ಲಂಡನ್ ಕಾರ್ಪೊರೇಶನ್ ಜನರಿಗಾಗಿ ಕೊಂಡಿತು. ನಲವತ್ತು ಕಿಲೋಮೀಟರ್ ಆಚೆಗಿನ ಪೇಟೆಯವರು ಹಳ್ಳಿಯ ಕಾಡು ಕೊಂಡರು ನೋಡು! ಈಗ ಸುಮಾರು 540 ಎಕರೆ. 1993ರಲ್ಲಿ ರಾಷ್ಟ್ರೀಯ ನಿಸರ್ಗಧಾಮ ಅಂತಲೂ ಘೋಷಿಸಿದರು.

ಕೊಂಡು ಬೇಲಿ ಹಾಕಿ ಕೂತಿದ್ದರೆ ಮರಗಳು ಉಳಿಯುತ್ತಿರಲಿಲ್ಲ. ಈಗ ಮತ್ತೆ ಕಡಿಯುತ್ತಿದ್ದಾರೆ. ಆದರೆ ಎಷ್ಟೋ ದಶಕ ಬಿಟ್ಟ ಮುದಿ ಬೀಚನ್ನು ಒಮ್ಮೆಲೇ ಬೋಳಿಸಿದರೆ ಸತ್ತೇ ಹೋಗುತ್ತದೆ. ಅದಕ್ಕೆ ಈ ವರ್ಷ ಸ್ವಲ್ಪ, ಕೆಲವು ವರ್ಷ ಬಿಟ್ಟು ಇನ್ನು ಸ್ವಲ್ಪ. ಮುಂದಿನ ಶತಮಾನಕ್ಕೆ ಅಂತ ಎಳೆಯ ಮರಗಳ ತಲೆಯನ್ನೂ ಈಗಲೇ ಕಡಿದು ಪಳಗಿಸುತ್ತಾರೆ. ಬಿದ್ದ ದಿಮ್ಮಿ ಬಿದ್ದಲ್ಲೇ, ಹುಳುವಿಗೆ, ಅಣಬೆಗೆ. ದನಗಳನ್ನೂ ವಾಪಸ್ ತಂದಿದ್ದಾರೆ. ಕೊರಳಲ್ಲಿ ಗಂಟೆಯ ಬದಲು ಯಂತ್ರದ ಪಟ್ಟಿ. ಗಡಿ ಹತ್ತಿರ ಬಂದರೆ ಸದ್ದು, ಆಗಲೂ ಕೇಳದಿದ್ದರೆ ಸಣ್ಣ ಶಾಕ್. ನಿಮ್ಮ ಗೌರಿ ಇದಕ್ಕೆಲ್ಲ ಬಗ್ಗುವವಳಲ್ಲ ಬಿಡು.

ಡ್ರೂಯಿಡ್ಸ್ ಓಕ್ ಅಂತ ಒಂದು ಅಜ್ಜ ಮರವೂ ಇದೆ, ಎಂಟುನೂರು ವರ್ಷ ಅನ್ನುತ್ತಾರೆ. ಸುತ್ತ ಬೇಲಿ, ಬೇರಿನ ಮೇಲೆ ಜನ ನಡೆಯಬಾರದು ಅಂತ. ಅದರ ಮುಂದೆ ನಿಂತಾಗ ಅಪ್ಪಯ್ಯನ ಬೈಗುಳ ನೆನಪಾಯಿತು: "ತುದಿ ಬಿಟ್ಟು ಕಡಿಯೋ, ಮರಕ್ಕೂ ಉಸಿರು ಬೇಕು!"

ನೀನು ಬರೆದಿದ್ದೆ, ಮೂರು ವರ್ಷದಿಂದ ಬೆಟ್ಟಕ್ಕೆ ಯಾರೂ ಹತ್ತಿಲ್ಲ, ಒಣಗಿ ಉದುರಿದ ದರಕನ್ನೂ ಗುಡಿಸಿ ತರುವವರಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ ಅಂತ. ನಾಗಬನದ ಪಕ್ಕದ ಹೊನ್ನೆ ಮರದ ಕವೆಯಲ್ಲಿ ಬಿರುಕು ಬಿಟ್ಟಿದೆಯಾ, ಒಮ್ಮೆ ನೋಡಿ ಫೋಟೋ ಕಳಿಸು. ಮೇ ತಿಂಗಳಲ್ಲಿ ಬರುತ್ತೇನೆ. ಕತ್ತಿ ಮಸೆದಿಡು, ಹತ್ತುವುದು ಮಾತ್ರ ನೀನು.

ನಿನ್ನ,
ಸುಬ್ಬು