‘ಆಗುವುದಿಲ್ಲ’ ಎನ್ನದ ವಾದ್ಯಗಾರರು: ಮಗಳಿಗೊಂದು ಪತ್ರ

ಕುಂಜಿಬೆಟ್ಟು, ಉಡುಪಿ

ಪ್ರೀತಿಯ ಪುಟ್ಟಿ,

ನೀನು ಕಂಪ್ಯೂಟರಿನಲ್ಲಿ ಆರ್ಕೆಸ್ಟ್ರಾಕ್ಕೆ ಬರೆದು ಕಳಿಸಿದ ಸಂಗೀತ ಕೇಳಿದೆ. ಫೋನಿನ ಸ್ಪೀಕರಿನಲ್ಲಿ ಅಲ್ಲ, ಅಪ್ಪ ಟಿವಿ ಆರಿಸಿದ ಮೇಲೆ ಹೆಡ್‌ಫೋನ್ ಹಾಕಿಕೊಂಡು. ಮೊದಲ ನಿಮಿಷ ಬಹಳ ಚೆನ್ನಾಗಿದೆ. ಚೆಲ್ಲೋ ಒಂಟಿಯಾಗಿ ಮೇಲೆ ಹತ್ತಿ ಬರುವಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳಿದೆ. ಆಮೇಲೆ ಎಲ್ಲರೂ ಒಟ್ಟಿಗೆ ಬಂದುಬಿಟ್ಟರು. ಅರವತ್ತು ಜನ ಪುಕ್ಕಟೆ ಸಿಕ್ಕಿದರು ಅಂತ ಅರವತ್ತು ಜನರಿಗೂ ಕೆಲಸ ಕೊಡಬೇಕಾ?

ದುಡ್ಡು ಕೊಟ್ಟು ದೊಡ್ಡ ಲೈಬ್ರರಿ (ರೆಕಾರ್ಡ್ ಮಾಡಿಟ್ಟ ವಾದ್ಯಗಳ ಶಬ್ದಗಳ ಸಂಗ್ರಹ) ತಗೊಳ್ಳಲಾ ಎಂದು ಕೇಳಿದ್ದೀಯ. ಈಗ ಬೇಡ. ನಿನ್ನ ಸಂಗೀತದ ತೊಂದರೆ ಶಬ್ದದ್ದಲ್ಲ.

ಕಂಪ್ಯೂಟರಿನೊಳಗಿನ ವಾದ್ಯಗಾರರಿಗೆ ಒಂದು ದುರ್ಗುಣ ಇದೆ. ಅವರು ‘ಇದು ಆಗುವುದಿಲ್ಲ’ ಎನ್ನುವುದೇ ಇಲ್ಲ. ಅರ್ಧ ನಿಮಿಷ ಉಸಿರು ಎಳೆಯದೆ ಟ್ಯೂಬಾ ಊದು ಅಂದರೆ ಊದುತ್ತಾರೆ. ಕೈ ಸೋಲುವುದಿಲ್ಲ, ತುಟಿ ದಣಿಯುವುದಿಲ್ಲ. ಅವರ ಪರವಾಗಿ ಆ ಮಾತನ್ನು ನೀನೇ ಹೇಳಬೇಕು.

ನಿನ್ನ ಹಾರ್ಪನ್ನೇ ನೋಡು. ದೊಡ್ಡ ಹಾರ್ಪಿಗೆ 47 ತಂತಿ, ಬುಡದಲ್ಲಿ 7 ಪೆಡಲ್. ಒಂದೊಂದು ಪೆಡಲ್ ಒಂದೊಂದು ಸ್ವರದ್ದು. ಸಿ ಪೆಡಲ್ ಸರಿಸಿದರೆ ಎಲ್ಲ ಸಿ ತಂತಿಗಳೂ ಒಟ್ಟಿಗೆ ಬದಲಾಗುತ್ತವೆ. ನೀನು ಎರಡನೇ ನಿಮಿಷದಲ್ಲಿ ಹನ್ನೆರಡೂ ಸ್ವರಗಳ ಮೇಲೆ ಸರ್ರನೆ ಓಡಿಸಿದ್ದೀಯಲ್ಲ, ಅಷ್ಟು ಬೇಗ ಯಾವ ಮನುಷ್ಯರ ಕಾಲೂ ಪೆಡಲ್ ಬದಲಿಸುವುದಿಲ್ಲ. ಇನ್ನೊಂದು, ಹಾರ್ಪ್ ನುಡಿಸುವವರು ಕಿರುಬೆರಳು ಬಳಸುವುದಿಲ್ಲ. ಒಂದು ಕೈಗೆ ಒಮ್ಮೆಗೆ ನಾಲ್ಕೇ ಸ್ವರ. ನೀನು ಐದು ಕೊಟ್ಟಿದ್ದೀಯ. ಕೀಬೋರ್ಡಿನಲ್ಲಿ ಐದು ಬೆರಳು ಇಟ್ಟು ನುಡಿಸಿ, ಮೇಲೆ ಹಾರ್ಪ್ ಎಂದು ಹೆಸರು ಬರೆದಿದ್ದೀಯ ಅಷ್ಟೆ.

ಎರಡನೇ ವಯಲಿನ್‌ಗೆ ತೀರಾ ಕೆಳಗಿನ ಜಿ, ಅದರ ಮೇಲಿನ ಬಿ ಎರಡನ್ನೂ ಒಟ್ಟಿಗೆ ಕೊಟ್ಟದ್ದು ನೋಡಿ ನಗು ಬಂತು. ವಯಲಿನ್ ಕಲಿತ ಹುಡುಗಿ ನೀನು! ಆರ್ಕೆಸ್ಟ್ರಾದ ವಯಲಿನ್ ನಮ್ಮ ಹಾಗೆ ಸ-ಪ-ಸ-ಪ ಅಲ್ಲ, ಜಿ-ಡಿ-ಎ-ಇ. ಡಿ ತಂತಿಗಿಂತ ಕೆಳಗಿನ ಎರಡು ಸ್ವರ ಬೇಕೆಂದರೆ ಎರಡೂ ಜಿ ತಂತಿಯಲ್ಲೇ ಬರಬೇಕು. ಒಬ್ಬರು ಹೇಗೆ ನುಡಿಸುತ್ತಾರೆ? ವಾದಕರನ್ನು ಎರಡು ಗುಂಪು ಮಾಡಿ ಹಂಚು, ಸರಿಹೋಗುತ್ತದೆ. ಕಂಪ್ಯೂಟರ್ ಮೊಂಡು ಹಿಡಿಯುವುದು ವಯಲಿನ್‌ಗೆ ಆ ಜಿ‌ಗಿಂತಲೂ ಕೆಳಗೆ ಬರೆದಾಗ ಮಾತ್ರ. ಆಗ ಸಾಮಾನ್ಯವಾಗಿ ಶಬ್ದವೇ ಬರುವುದಿಲ್ಲ. ಸ್ವರಲಿಪಿ ಬರೆಯುವ ಸಾಫ್ಟ್‌ವೇರ್ ಮ್ಯೂಸ್‌ಸ್ಕೋರ್ ಆದರೆ ಆ ಸ್ವರವನ್ನು ಕೆಂಪು ಮಾಡಿ ತೋರಿಸುತ್ತದೆ. ಆದರೆ ಉಸಿರು ಕಟ್ಟಿದ್ದಕ್ಕೆ ಕೆಂಪು ಬಣ್ಣ ಇಲ್ಲ.

ಕೊಳಲಿನ ವಿಷಯಕ್ಕೆ ಬರುತ್ತೇನೆ. ಇದು ಎಲ್ಲರೂ ಬೀಳುವ ಹೊಂಡ. ಆರ್ಕೆಸ್ಟ್ರಾದವರ ಕೊಳಲು ನಡುವಿನ ಸಿ‌ಯ ಆಸುಪಾಸಿನಲ್ಲಿ ತುಂಬ ಮೆತ್ತಗಿರುತ್ತದೆ. ಹತ್ತಿರ ಕೂತರೆ ಚಂದ, ದೂರಕ್ಕೆ ಕೇಳುವುದಿಲ್ಲ. ನೀನು ಅಲ್ಲಿ ಮುಖ್ಯ ರಾಗ ಕೊಟ್ಟು, ಕೆಳಗೆ ಮೂರು ಟ್ರೊಂಬೋನ್ ಜೋರಾಗಿ ಊದಿಸಿದ್ದೀಯ. ನನ್ನ ಹೆಡ್‌ಫೋನಿನಲ್ಲಿ ಕೊಳಲು ಸ್ಪಷ್ಟ ಕೇಳಿತು, ಯಾಕೆಂದರೆ ನೀನು ಅದರ ಫೇಡರ್, ಅಂದರೆ ಶಬ್ದ ಏರಿಸುವ ಗುಂಡಿ, ಮೇಲೆ ತಳ್ಳಿದ್ದೀಯ. ಸಭೆಯಲ್ಲಿ ಫೇಡರ್ ಎಲ್ಲಿದೆ? ಒಂದು ಸ್ಥಾಯಿ ಮೇಲಕ್ಕೆ ಎತ್ತು, ಇಲ್ಲವಾದರೆ ಟ್ರೊಂಬೋನ್‌ನವರನ್ನು ಸುಮ್ನೆ ಕೂರಿಸು.

‘ಯಾರೂ ನುಡಿಸುವುದಿಲ್ಲವಲ್ಲ ಅಮ್ಮಾ, ಕಂಪ್ಯೂಟರೇ ತಾನೇ’ ಎನ್ನುತ್ತೀ, ಗೊತ್ತು. ಉಡುಪಿಯಲ್ಲಿ ಓಬೋ ನುಡಿಸುವವರನ್ನು ನಾನಂತೂ ನೋಡಿಲ್ಲ. ಆದರೂ ನುಡಿಸಲಾಗದ್ದನ್ನು ಬರೆದಾಗ ಕೇಳುವವರಿಗೆ ಎಲ್ಲೋ ಸುಳ್ಳು ಅನಿಸುತ್ತದೆ. ಏನು ಸುಳ್ಳು ಎಂದು ಅವರಿಗೆ ಹೇಳಲು ಬರುವುದಿಲ್ಲ, ‘ಕಂಪ್ಯೂಟರ್ ಥರ ಇದೆ’ ಅಂದುಬಿಡುತ್ತಾರೆ. ಮತ್ತೆ, ಕಾಲವೂ ಬದಲಾಗಿದೆ. ನಮ್ಮ ಸಿನಿಮಾದವರು ಬುಡಾಪೆಸ್ಟ್, ಸ್ಕೋಪ್ಯೆಯ ಆರ್ಕೆಸ್ಟ್ರಾಗಳಿಂದ ನುಡಿಸಿಕೊಂಡು ಬರುತ್ತಾರೆ. 2025ರ ಮಾರ್ಚ್‌ನಲ್ಲಿ ಇಳಯರಾಜಾ ಬರೆದ ಸಿಂಫನಿಯನ್ನು ಲಂಡನ್ನಿನಲ್ಲಿ ರಾಯಲ್ ಫಿಲ್‌ಹಾರ್ಮೊನಿಕ್ ಆರ್ಕೆಸ್ಟ್ರಾ ನುಡಿಸಿತು. ಅಂಥ ಕಡೆ ಬಾಡಿಗೆ ಗಂಟೆಯ ಲೆಕ್ಕದಲ್ಲಿ. ಹಾರ್ಪಿನವಳು ಕೈಯೆತ್ತಿ ‘ಇದು ಹೇಗೆ?’ ಎಂದು ಕೇಳುವ ಹೊತ್ತೂ ನಿನ್ನ ದುಡ್ಡೇ.

ಸಾಫ್ಟ್‌ವೇರ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮ್ಯೂಸ್‌ಸ್ಕೋರ್ ಪುಕ್ಕಟೆ. 2022ರ ಡಿಸೆಂಬರಿನಲ್ಲಿ ಬಂದ 4ನೇ ಆವೃತ್ತಿಯ ಜೊತೆ ಮ್ಯೂಸ್ ಸೌಂಡ್ಸ್ ಎಂಬ ಲೈಬ್ರರಿ ಬಂದ ಮೇಲೆ ಅದರ ತಂತಿವಾದ್ಯಗಳು ಕೇಳುವ ಹಾಗಿವೆ. ಸ್ಪಿಟ್‌ಫೈರ್‌ನವರ ಬಿಬಿಸಿ ಸಿಂಫನಿ ಆರ್ಕೆಸ್ಟ್ರಾ ಡಿಸ್ಕವರ್ ಎಂಬ ಲೈಬ್ರರಿ ಕೂಡ ದುಡ್ಡಿಲ್ಲದೆ ಸಿಗುತ್ತದೆ. ಅದು ಆ ಆರ್ಕೆಸ್ಟ್ರಾದವರೇ ಲಂಡನ್ನಿನ ಮೈಡಾ ವೇಲ್ ಸ್ಟುಡಿಯೋದಲ್ಲಿ ನುಡಿಸಿದ್ದು. ರೆಕಾರ್ಡಿಂಗಿಗೆ ರೀಪರ್ ಸಾಕು, 60 ದಿನ ಸುಮ್ನೆ ಬಳಸಿ ನೋಡಬಹುದು. ಕೀ ಒತ್ತಿದ ಮೇಲೆ ಶಬ್ದ ತಡವಾಗಿ ಬರುತ್ತದೆ ಎಂದು ಬರೆದಿದ್ದೀಯಲ್ಲ, ಅದು ಶಬ್ದವನ್ನು ಸ್ವಲ್ಪ ಸ್ವಲ್ಪ ಕೂಡಿಟ್ಟು ಹೊರಬಿಡುವ ಬಫರ್‌ನಿಂದ. 48000 ಹರ್ಟ್ಜ್‌ನಲ್ಲಿ ಬಫರ್ 1024 ಸ್ಯಾಂಪಲ್ ಇಟ್ಟರೆ ಅಲ್ಲೇ 21 ಮಿಲಿಸೆಕೆಂಡ್ ಹೋಗುತ್ತದೆ. ನುಡಿಸುವಾಗ 128ಕ್ಕೆ ಇಳಿಸು, ಮಿಕ್ಸ್ ಮಾಡುವಾಗ ಮತ್ತೆ ಏರಿಸು. ದುಡ್ಡು ಖರ್ಚು ಮಾಡಲೇಬೇಕೆಂದಿದ್ದರೆ ರ‍್ಯಾಮ್ ಹಾಕಿಸು.

ಆದರೆ ಎಡಗೈಯನ್ನು ಖಾಲಿ ಬಿಡಬೇಡ. ಕೀ ಎಷ್ಟು ಜೋರಾಗಿ ಒತ್ತಿದೆ ಎಂಬುದನ್ನು ಮಿಡಿ (ಕೀಬೋರ್ಡು ಕಂಪ್ಯೂಟರಿಗೆ ಸುದ್ದಿ ಕಳಿಸುವ ಭಾಷೆ) 1ರಿಂದ 127ರವರೆಗಿನ ಒಂದು ಅಂಕಿಯಾಗಿ ಬರೆದುಕೊಳ್ಳುತ್ತದೆ. 1983ರಿಂದಲೂ ಹಾಗೆಯೇ. ಪಿಯಾನೋಗೆ ಅಷ್ಟು ಸಾಕು. ವಯಲಿನ್‌ಗೆ ಸಾಲದು, ಯಾಕೆಂದರೆ ಕಮಾನು ಎಳೆಯುತ್ತಾ ಇರುವಾಗಲೇ ಸ್ವರ ಉಬ್ಬಬೇಕು, ಇಳಿಯಬೇಕು. ಅದಕ್ಕೇ ಕೀಬೋರ್ಡಿನ ಎಡಬದಿಯಲ್ಲಿ ಮಾಡ್ಯುಲೇಶನ್ ಚಕ್ರ ಇರುವುದು. ನಿನ್ನ ಉದ್ದ ಸ್ವರಗಳೆಲ್ಲ ಒಂದೇ ಮಟ್ಟದಲ್ಲಿವೆ. ಮೌಸ್‌ನಿಂದ ಗೆರೆ ಎಳೆಯಬೇಡ, ಕೇಳುತ್ತಾ ಕೈಯಿಂದ ತಿರುಗಿಸು. ಸ್ವಲ್ಪ ಅಂಕುಡೊಂಕಾದರೆ ಒಳ್ಳೆಯದೇ.

ಗಮಕ ಮಾತ್ರ ಅದರಿಂದ ಆಗದು. ಲೈಬ್ರರಿಯವರು ಒಂದೊಂದು ಸ್ವರವನ್ನು ಬಿಡಿಬಿಡಿಯಾಗಿ ರೆಕಾರ್ಡ್ ಮಾಡಿರುತ್ತಾರೆ. ತೋಡಿಯ ಗಾಂಧಾರವನ್ನು ಸ್ವರ ಜಾರಿಸುವ ಪಿಚ್ ಚಕ್ರದಿಂದ ಎಳೆದರೆ ಇಡೀ ಗುಂಪೇ ಜಾರಿದ ಹಾಗೆ ಕೇಳುತ್ತದೆ. ಅಲ್ಲಿ ನಿನ್ನ ವಯಲಿನ್ ತೆಗೆ. ಗುಂಪಿಗೆ ಸರಳ ಸ್ವರ ಕೊಟ್ಟು, ಅದರ ಮೇಲೆ ನೀನೊಬ್ಬಳೇ ನುಡಿಸಿ ರೆಕಾರ್ಡ್ ಮಾಡು. ಒಂದು ನಿಜವಾದ ಕಮಾನು ಸೇರಿದರೆ ಉಳಿದವರೂ ಉಸಿರಾಡುತ್ತಾರೆ. ಸಾವಿರಾರು ರೂಪಾಯಿಯ ಲೈಬ್ರರಿಗಿಂತ ಇದು ಮೇಲು ಎಂದು ನನ್ನ ಅಭಿಪ್ರಾಯ.

ಇನ್ನು ಆ ಚೆಂಡೆ. ಎಲ್ಲಿಂದ ತಂದೆ? ಯಾವುದೋ ಇಂಡಿಯನ್ ಡ್ರಮ್ಸ್ ಕಟ್ಟಿನಿಂದ ಎತ್ತಿದ್ದು, ಅಲ್ವಾ? ಅದು ಕೇರಳದ್ದು. ನಮ್ಮ ಬಡಗುತಿಟ್ಟು ಯಕ್ಷಗಾನದ ಚೆಂಡೆ ಕೇಳಿ ಬೆಳೆದ ಕಿವಿಗೆ ಅದು ಹೇಗೆ ಒಪ್ಪಿತೋ! ಸೇರಿಸಬೇಕು ಎಂಬ ಆಸೆ ತಪ್ಪಲ್ಲ. ಶಿವರಾಮ ಕಾರಂತರು ತಮ್ಮ ಯಕ್ಷಗಾನ ಬ್ಯಾಲೆಯಲ್ಲಿ ವಯಲಿನ್, ಸ್ಯಾಕ್ಸೋಫೋನ್ ಎರಡನ್ನೂ ತಂದಿದ್ದರು. ಆದರೆ ಹಿಮ್ಮೇಳದಲ್ಲಿ ಚೆಂಡೆಗೆ ಒಂದು ಮರ್ಯಾದೆ ಇದೆ. ಭಾಗವತರು ಮೆಲ್ಲಗೆ ಪದ ಎತ್ತುವಾಗ ಮದ್ದಳೆ ಮಾತ್ರ. ಚೆಂಡೆಯವರು ಕೋಲು ಹಿಡಿದು ಕಾಯುತ್ತಾರೆ. ಆವೇಶ ಬರಬೇಕಾದ ಕಡೆ ಮೊದಲ ಪೆಟ್ಟು ಬಿದ್ದಾಗ ನಿದ್ದೆಯಲ್ಲಿದ್ದವರೂ ಎದ್ದು ಕೂರುತ್ತಾರೆ. ನೀನು ಶುರುವಿನಿಂದ ಬಡಿಸಿಟ್ಟರೆ ಕೊನೆಗೆ ಏನು ಉಳಿಯಿತು? ಟ್ರಂಪೆಟ್, ಸಿಂಬಲ್‌ಗೂ ಇದೇ ಲೆಕ್ಕ ಹಾಕು.

ನಿಜವಾದ ಚೆಂಡೆಯನ್ನೇ ರೆಕಾರ್ಡ್ ಮಾಡೋಣ. ತೊಂದರೆ ಇರುವುದು ದಿನ ಹುಡುಕುವುದರಲ್ಲಿ. ಮೇ ಕೊನೆಯ ಪತ್ತನಾಜೆ ಕಳೆದು, ತಿರುಗಾಟ ಮುಗಿದು ಯಕ್ಷಗಾನ ಮೇಳದವರಿಗೆ ಬಿಡುವಾಗುವಾಗ ಮಳೆ ಹಿಡಿದಿರುತ್ತದೆ. ನಮ್ಮ ತಾರಸಿಯ ಶೀಟಿನ ಮೇಲೆ ಮಳೆ ಬಿದ್ದರೆ ಮೈಕ್‌ಗೆ ಅದೇ ಕೇಳುವುದು, ಚರ್ಮವೂ ತೇವಕ್ಕೆ ಸಡಿಲ. ಮಳೆ ನಿಂತು ಚರ್ಮ ಬಿಗಿಯಾಗುವ ಹೊತ್ತಿಗೆ ಮೇಳಗಳು ತಿರುಗಾಟಕ್ಕೆ ಹೊರಟಿರುತ್ತವೆ. ನಡುವೆ ಇರುವುದು ನವರಾತ್ರಿಯ ಆಸುಪಾಸಿನ ಸ್ವಲ್ಪ ದಿನ. ಆಗ ರಜೆ ಹಾಕಿ ಬಾ. ಮಹಡಿಯ ಕೋಣೆಯಲ್ಲಿ ಗೋಡೆಗೆ ಹಾಸಿಗೆ ನಿಲ್ಲಿಸೋಣ. ಮಣಿಪಾಲದ ಬಸ್ಸುಗಳ ಹಾರ್ನ್ ಕಡಿಮೆಯಾಗುವುದು ರಾತ್ರಿ ಹತ್ತರ ಮೇಲೆ. ನೆರೆಮನೆಯವರಿಗೆ ಮೊದಲೇ ಹೇಳಿ, ಒಂದು ರಾತ್ರಿ ಸಹಿಸಿಕೊಳ್ಳಿ ಅನ್ನುತ್ತೇನೆ.

ಅದಕ್ಕೂ ಮೊದಲು ಚೆಂಡೆಯವರ ಶ್ರುತಿ ಯಾವುದು ಎಂದು ಕೇಳಿ ತಿಳಿಸುತ್ತೇನೆ. ನಿನ್ನ ಸಂಗೀತವನ್ನು ಆ ಶ್ರುತಿಗೆ ಸರಿಸಿಕೋ. ಮೇಲಕ್ಕೆ ಸರಿಸು, ಕೆಳಕ್ಕೆ ಬೇಡ. ಅರ್ಧ ಸ್ವರ ಇಳಿಸಿದರೂ ವಯಲಿನ್‌ನ ಆ ಜಿ ಕೈತಪ್ಪುತ್ತದೆ. ಮುಂದಿನ ಸಲ ಎಂಪಿ3 ಕಳಿಸಬೇಡ, ಒಂದೊಂದು ವಾದ್ಯದ ಹಾಳೆ ಬೇರೆ ಬೇರೆಯಾಗಿ ಕಳಿಸು. ಬರುವಾಗ ನಿನ್ನ ರೂಮ್‌ಮೇಟ್ ಹತ್ತಿರ ಇರುವ ಮೈಕ್ ಕೂಡ ಕೇಳಿ ತಗೊಂಡು ಬಾ. ಚೆಂಡೆಗೆ ಒಂದು ಹತ್ತಿರ, ಒಂದು ದೂರ ಇಡಬೇಕು. ನನ್ನ ಹತ್ತಿರ ಇರುವುದು ಒಂದೇ.

ನಿನ್ನ,
ಅಮ್ಮ