ಲೇಸರ್ ಹಿಡಿದ ಕೈ ಯಾರದು? ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ ಸರ್. ನಾನು ಮಧ್ಯ ಕರ್ನಾಟಕದ ಒಂದು ಜಿಲ್ಲಾ ಕೇಂದ್ರದಲ್ಲಿ ಹೈಸ್ಕೂಲ್ ವಿಜ್ಞಾನ ಟೀಚರ್. ಹತ್ತನೇ ತರಗತಿಗೆ ಬೆಳಕಿನ ಪಾಠ ಮಾಡುತ್ತೇನೆ. ಈ ಪತ್ರವೂ ಬೆಳಕಿನ ಬಗ್ಗೆಯೇ. ಬ್ಯೂಟಿ ಪಾರ್ಲರುಗಳಲ್ಲಿ, "ಸ್ಕಿನ್ ಕ್ಲಿನಿಕ್" ಎಂದು ಬೋರ್ಡು ಹಾಕಿದ ಕೋಣೆಗಳಲ್ಲಿ ನಮ್ಮ ಹೆಣ್ಣುಮಕ್ಕಳ ಮುಖದ ಮೇಲೆ ಬಿಡುತ್ತಿರುವ ಲೇಸರ್ ಬೆಳಕಿನ ಬಗ್ಗೆ.

ನನ್ನ ತಂಗಿಗೆ ಎರಡನೇ ಬಸಿರಿನಲ್ಲಿ ಎರಡೂ ಕೆನ್ನೆಗೆ ಬಂಗು ಬಂತು. ಬಸುರಿಯರಿಗೆ ಇದು ಹೊಸದೇನಲ್ಲ. ಹೆರಿಗೆಯಾದ ಮೇಲೆ ಎಷ್ಟೋ ಜನರಿಗೆ ತಾನಾಗಿಯೇ ತಿಳಿಯಾಗುತ್ತದೆ. ಇವಳಿಗೆ ಆಗಲಿಲ್ಲ. ಮದುವೆ ಮನೆಗೆ ಹೋದರೂ, ಸಂತೆಗೆ ಹೋದರೂ ಒಂದೇ ಪ್ರಶ್ನೆ: "ಮುಖಕ್ಕೆ ಏನಾಯ್ತೇ?" ಕಡಲೆಹಿಟ್ಟು, ಅರಿಶಿನ, ಗಂಧ ಎಲ್ಲ ಹಚ್ಚಿ ನೋಡಿದಳು. ಕಳೆದ ವರ್ಷ ಆಷಾಢದಲ್ಲಿ ಅವಳ ಮೊಬೈಲಿಗೆ ಒಂದು ಜಾಹೀರಾತು ಬಂತು. ಆರು ಸಿಟ್ಟಿಂಗಿನ ಲೇಸರ್ ಪ್ಯಾಕೇಜ್, ಆಷಾಢದ ಆಫರ್, 18,000 ರೂಪಾಯಿ. ಚೀಟಿ ಎತ್ತಿದ ದುಡ್ಡಿನಲ್ಲಿ ಕಟ್ಟಿದಳು. ನನಗೆ ಹೇಳಿರಲಿಲ್ಲ. ಹೇಳಿದರೆ ಅಕ್ಕ ಬೈಯುತ್ತಾಳೆ ಅಂದುಕೊಂಡಿದ್ದಳಂತೆ. ಈಗಲೂ ಆ ಮಾತು ನೆನಪಾದರೆ ನನಗೆ ಸಂಕಟವಾಗುತ್ತದೆ.

ಅಲ್ಲಿ ಮಾಡಿದ್ದು ಕಾರ್ಬನ್ ಪೀಲ್. ಮುಖಕ್ಕೆಲ್ಲ ಕಪ್ಪು ಲೋಷನ್ ಬಳಿದು, ಒಣಗಿದ ಮೇಲೆ ಮೆಷಿನ್ನಿನ ಹಿಡಿಕೆಯನ್ನು ಕೆನ್ನೆ, ಹಣೆ, ಮೂಗಿನ ಮೇಲೆ ಓಡಿಸುತ್ತಾರೆ. ಚಟಪಟ ಸದ್ದು, ಸುಟ್ಟ ವಾಸನೆ. ಕಣ್ಣಿನ ಮೇಲೆ ಒದ್ದೆ ಹತ್ತಿ ಇಟ್ಟಿದ್ದರು, ಅಷ್ಟೇ. ಮೊದಲ ಎರಡು ಸಿಟ್ಟಿಂಗಿನಲ್ಲಿ ಏನೂ ಗೊತ್ತಾಗಲಿಲ್ಲ. ಮೂರನೇ ಸಲ "ಸ್ವಲ್ಪ ಪವರ್ ಜಾಸ್ತಿ ಮಾಡ್ತೀವಿ, ಆಗ ಕಲೆ ಹೋಗುತ್ತೆ" ಅಂದರು. ಅವತ್ತು ರಾತ್ರಿ ಹನ್ನೊಂದಕ್ಕೆ ನನಗೆ ಫೋನ್ ಬಂತು. "ಅಕ್ಕಾ, ಮುಖ ಉರೀತಿದೆ, ತಡ್ಕೊಳ್ಳೋಕಾಗ್ತಿಲ್ಲ." ಒಂದು ವಾರ ಹಕ್ಕಳೆ. ತಿಂಗಳು ಕಳೆಯುವಷ್ಟರಲ್ಲಿ ಬಂಗು ಮೊದಲಿಗಿಂತ ಕಪ್ಪಾಯಿತು. ಅದರ ನಡುವೆ ಅಕ್ಕಿಕಾಳಿನಷ್ಟು ಬಿಳಿ ಚುಕ್ಕೆಗಳು ಎದ್ದವು.

ಸರ್ಕಾರಿ ಆಸ್ಪತ್ರೆಯ ಚರ್ಮರೋಗ ವಿಭಾಗಕ್ಕೆ ನಾನೇ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ಕೇಳಿದ್ದು ಮೂರೇ ಪ್ರಶ್ನೆ. ಯಾವ ಲೇಸರ್? ಎಷ್ಟು ಪವರ್ ಇಟ್ಟಿದ್ದರು? ಮಾಡಿದವರು ಯಾರು? ನಮ್ಮ ಹತ್ತಿರ ಇದ್ದದ್ದು ಒಂದು ರಸೀದಿ. ಅದರಲ್ಲಿ "ಫೇಶಿಯಲ್" ಎಂದು ಬರೆದಿತ್ತು.

ಸರ್, ಒಂದೆರಡು ನಿಮಿಷ ಟೀಚರ್ ಆಗಿ ಮಾತಾಡುತ್ತೇನೆ. ಕಾರ್ಬನ್ ಪೀಲಿಗೆ ಸಾಮಾನ್ಯವಾಗಿ ಬಳಸುವುದು ಕ್ಯೂ-ಸ್ವಿಚ್ಡ್ ಎನ್‌ಡಿ-ಯಾಗ್ ಎಂಬ ಲೇಸರ್. ಅದರ ತರಂಗದ ಉದ್ದ 1064 ನ್ಯಾನೊಮೀಟರ್. ನಮ್ಮ ಕಣ್ಣಿಗೆ ಕಾಣುವ ಬೆಳಕು ಸುಮಾರು 700ಕ್ಕೇ ಮುಗಿಯುತ್ತದೆ. ಅಂದರೆ ಈ ಬೆಳಕು ಕಾಣುವುದೇ ಇಲ್ಲ. ಒಂದೊಂದು ಹೊಡೆತವೂ ಒಂದು ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಕೆಲವೇ ಪಾಲಿನಷ್ಟು ಹೊತ್ತು ಇರುತ್ತದೆ. ಆದರೆ ಕಾಣದ ಆ ಬೆಳಕನ್ನೂ ಕಣ್ಣಿನ ಮಸೂರ ಹಿಂಬದಿಯ ಪರದೆಯಾದ ರೆಟಿನಾದ ಮೇಲೆ ಒಂದು ಚುಕ್ಕೆಯಾಗಿ ಸೇರಿಸಿಬಿಡುತ್ತದೆ. ರೆಟಿನಾಕ್ಕೆ ನೋವು ಗೊತ್ತಾಗುವುದಿಲ್ಲ. ಸುಟ್ಟಿದೆ ಅಂತ ತಿಳಿಯುವುದು ಆಮೇಲೆ, ನೋಟದಲ್ಲಿ ಕಲೆ ನಿಂತಾಗ. ಅದಕ್ಕೇ ಮಲಗಿದವರ ಕಣ್ಣಿಗೆ ಬೆಳಕು ದಾಟದ ಗಟ್ಟಿ ಕವಚ ಬೇಕು. ಕೋಣೆಯಲ್ಲಿರುವ ಉಳಿದವರಿಗೆ ಅದೇ ತರಂಗಕ್ಕೆಂದು ಮಾಡಿದ ಕನ್ನಡಕ ಬೇಕು. ಒದ್ದೆ ಹತ್ತಿ ಸಾಲದು.

ಇನ್ನು ಚರ್ಮ. ಬೇಕಾದ ಬಣ್ಣವನ್ನು ಮಾತ್ರ ಕಾಯಿಸಿ, ಸುತ್ತಲಿನ ಚರ್ಮವನ್ನು ಉಳಿಸಬಹುದು ಎನ್ನುವ ಸೂತ್ರವನ್ನು 1983ರಲ್ಲಿ ಅಮೆರಿಕದ ಸಂಶೋಧಕರಾದ ರಾಕ್ಸ್ ಆಂಡರ್ಸನ್ ಮತ್ತು ಜಾನ್ ಪ್ಯಾರಿಶ್ ಪ್ರಕಟಿಸಿದರು. ಇವತ್ತಿನ ಬಹುಪಾಲು ಚರ್ಮದ ಲೇಸರ್ ನಿಂತಿರುವುದು ಅದರ ಮೇಲೆ. ಬಹಳ ಜಾಣ ಸೂತ್ರ. ಆದರೆ ಬಣ್ಣ ಹುಡುಕಿಕೊಂಡು ಹೋಗುವ ಬೆಳಕಿಗೆ ಕಲೆಯ ಬಣ್ಣ ಯಾವುದು, ಹುಟ್ಟಿನಿಂದ ಬಂದ ಮೈಬಣ್ಣ ಯಾವುದು ಅಂತ ತಾನಾಗಿ ತಿಳಿಯುವುದಿಲ್ಲ. ಎರಡರಲ್ಲೂ ಇರುವುದು ಮೆಲನಿನ್ ಎಂಬ ಅದೇ ಬಣ್ಣದ ವಸ್ತು. ಚರ್ಮವನ್ನು ಆರು ಬಗೆಯಾಗಿ ನೋಡುವ ಫಿಟ್ಸ್‌ಪ್ಯಾಟ್ರಿಕ್ ಪಟ್ಟಿಯಲ್ಲಿ ನಾವು ಹೆಚ್ಚಿನವರು 4 ಮತ್ತು 5ನೇ ಬಗೆಗೆ ಸೇರುತ್ತೇವೆ. ಬಿಳಿಯರ ಚರ್ಮ ತಡೆಯುವ ಪವರ್ ನಮ್ಮ ಚರ್ಮವನ್ನು ಸುಡಬಹುದು. ಗಾಯ ಮಾಗಿದರೂ ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ. ಅದರಲ್ಲೂ ಬಂಗು ಅಂದರೆ ಬಣ್ಣ ಮಾಡುವ ಕೋಶಗಳು ಮೊದಲೇ ಕೆರಳಿರುವ ಜಾಗ. ಶಾಖ ತಾಗಿದರೆ ಇನ್ನಷ್ಟು ಕೆರಳುತ್ತವೆ. "ಇವರಿಗೆ ಮೊದಲು ಬೇಕಿದ್ದದ್ದು ಸನ್‌ಸ್ಕ್ರೀನ್, ಹಚ್ಚುವ ಮುಲಾಮು, ತಾಳ್ಮೆ. ಲೇಸರ್ ಕೊನೆಯ ಮಾತು, ಅದೂ ಎಲ್ಲರಿಗೂ ಅಲ್ಲ" ಎಂದರು ಆ ಡಾಕ್ಟರು. ಇಷ್ಟು ಹೇಳುವವರು ಒಬ್ಬರು ಮೊದಲೇ ಸಿಕ್ಕಿದ್ದರೆ ಸಾಕಿತ್ತು.

ನಾನು ಲೇಸರ್ ಬೇಡ ಎನ್ನುತ್ತಿಲ್ಲ. ಮೊಡವೆಯಿಂದ ಹಳ್ಳ ಬಿದ್ದ ಮುಖಕ್ಕೆ ಫ್ರಾಕ್ಷನಲ್ ಸಿಒ2 ಲೇಸರ್ ಒಳ್ಳೆಯ ಚಿಕಿತ್ಸೆ. ಅದು ಚರ್ಮದಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ತೂತು ಮಾಡುತ್ತದೆ. ನಡುವೆ ಉಳಿಸಿದ ಚರ್ಮ ಬೇಗ ಮಾಗುತ್ತದೆ, ಒಳಗೆ ಚರ್ಮವನ್ನು ಬಿಗಿಯಾಗಿಡುವ ಕೊಲಾಜನ್ ಹೊಸದಾಗಿ ಬೆಳೆಯುತ್ತದೆ. ಹುಟ್ಟಿನಿಂದಲೇ ಕಣ್ಣಿನ ಸುತ್ತ ನೀಲಿ ಕಲೆ ಇರುವ ಮಕ್ಕಳಿಗೆ, ಕೆಂಪು ಮಚ್ಚೆ ಇರುವವರಿಗೆ ಲೇಸರಿನಿಂದ ಬಹಳ ಅನುಕೂಲವಾಗಿದೆ. ಅಂಥವರಿಗೆ ನಿಜವಾಗಿ ಬೇಕಾದ ಯಂತ್ರ ಇದು.

ತಂಗಿಯ ಪರವಾಗಿ ದೂರು ಕೊಡಲು ಹೊರಟೆ. ಸ್ಥಳೀಯ ಸಂಸ್ಥೆಯ ಕಚೇರಿಯಲ್ಲಿ "ನಾವು ಟ್ರೇಡ್ ಲೈಸೆನ್ಸ್ ಕೊಡ್ತೀವಿ, ಒಳಗೆ ಯಾವ ಮೆಷಿನ್ ಇದೆ ಅಂತ ನೋಡಲ್ಲ" ಅಂದರು. ಆರೋಗ್ಯ ಇಲಾಖೆಯ ಕಚೇರಿಗೆ ಹೋದರೆ "ಅದು ಪಾರ್ಲರ್ ಮೇಡಂ, ಕ್ಲಿನಿಕ್ ಅಲ್ವಲ್ಲ" ಅಂದರು. ಪಾರ್ಲರಿನವರು ಇನ್ನೂ ಮೂರು ಸಿಟ್ಟಿಂಗ್ ಫ್ರೀ ಮಾಡಿಕೊಡುತ್ತೇವೆ ಅಂದರು. ಮೆಷಿನ್ ಹಿಡಿದಿದ್ದ ಹುಡುಗಿಯನ್ನೂ ಅಲ್ಲಿ ನೋಡಿದೆ. ಇಪ್ಪತ್ತು ವಯಸ್ಸಿರಬಹುದು. ಮೆಷಿನ್ ಮಾರಿದವರು ಮೂರು ದಿನ ಹೇಳಿಕೊಟ್ಟರಂತೆ. ಅವಳ ಕಣ್ಣಿಗೂ ಕನ್ನಡಕ ಇರಲಿಲ್ಲ. ದಿನಕ್ಕೆ ಏಳೆಂಟು ಮುಖ ಮಾಡುತ್ತಾಳೆ. ಅವಳ ಮೇಲೆ ನನಗೆ ಸಿಟ್ಟಿಲ್ಲ ಸರ್, ಅವಳ ಕಣ್ಣಿನ ಬಗ್ಗೆ ಭಯವಿದೆ. ಅವಳೂ ಯಾರದೋ ತಂಗಿ.

ಒಂದು ಎಕ್ಸ್‌ರೇ ಯಂತ್ರ ಇಡಬೇಕಾದರೆ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಸ್ಕ್ಯಾನಿಂಗ್ ಯಂತ್ರ ಇಡಬೇಕಾದರೆ ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯ ಕೆಳಗೆ ನೋಂದಣಿ ಆಗಬೇಕು, ನಡೆಸುವವರ ವಿವರವೂ ದಾಖಲಾಗಬೇಕು. ಚರ್ಮ ಸುಡುವ, ಕಣ್ಣು ಕಳೆಯುವ ಶಕ್ತಿ ಇರುವ ಲೇಸರ್ ಮಾತ್ರ ಫೇಶಿಯಲ್ ಕುರ್ಚಿಯ ಪಕ್ಕ ಸುಮ್ನೆ ಬಂದು ಕೂತಿದೆ. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲೇ ಕೂದಲು ಕಸಿಯಂಥ ಸೌಂದರ್ಯ ಚಿಕಿತ್ಸೆಗಳ ಬಗ್ಗೆ ಮಾರ್ಗಸೂಚಿ ಕೊಟ್ಟಿತು. ಕಾರ್ಯಾಗಾರದಲ್ಲಿ ನೋಡಿ, ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿ ಆಗುವುದಿಲ್ಲ ಎಂದು ಅದರಲ್ಲಿ ಹೇಳಿದೆ. ಅದು ಡಾಕ್ಟರುಗಳಿಗೇ ಹೇಳಿದ ಮಾತು. ಮೂರು ದಿನ ಕಲಿತ ಹುಡುಗಿಯ ಕೈಗೆ ಲೇಸರ್ ಕೊಡುವವರಿಗೆ ಯಾರು ಹೇಳಬೇಕು?

ನಮ್ಮ ರಾಜ್ಯದಲ್ಲಿ ಅದಕ್ಕೆ ಕಾನೂನು ಇಲ್ಲವೇ ಅಂದರೆ, ಇದೆ. 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ ಇದೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ನೋಂದಣಿ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರಲ್ಲಿದ್ದಾರೆ. 2024ರಲ್ಲಿ ನಿಮ್ಮ ಇಲಾಖೆ ನಕಲಿ ವೈದ್ಯರನ್ನು ತಡೆಯಲು ಅಲೋಪಥಿ ಕ್ಲಿನಿಕ್‌ಗೆ ನೀಲಿ ಬೋರ್ಡು, ಆಯುರ್ವೇದಕ್ಕೆ ಹಸಿರು ಬೋರ್ಡು ಎಂದು ಆದೇಶ ಮಾಡಿತು. ಜನರಿಗೆ ಅರ್ಥವಾಗುವ ಕೆಲಸ ಅದು, ನನಗೆ ಬಹಳ ಹಿಡಿಸಿತು. ಲೇಸರ್ ಇರುವ ಕೋಣೆಯ ಬಾಗಿಲಿಗೂ ಅಂಥ ಒಂದು ಗುರುತು ಬರಲಿ.

ನಾನು ಕೇಳುವುದು ದೊಡ್ಡದಲ್ಲ. ಚರ್ಮಕ್ಕೆ ಲೇಸರ್ ಬಿಡುವ ಯಾವುದೇ ಜಾಗ, ಬೋರ್ಡಿನಲ್ಲಿ ಪಾರ್ಲರ್ ಎಂದಿರಲಿ ಸ್ಪಾ ಎಂದಿರಲಿ, 2007ರ ಆ ಕಾಯ್ದೆಯ ಕೆಳಗೆ ನೋಂದಣಿಯಾಗಲೇಬೇಕು ಎಂದು ಒಂದು ಸ್ಪಷ್ಟ ಸುತ್ತೋಲೆ ಹೊರಡಿಸಿ. ಟ್ರೇಡ್ ಲೈಸೆನ್ಸ್ ಅರ್ಜಿಯಲ್ಲಿ "ಲೇಸರ್ ಯಂತ್ರ ಇದೆಯೇ?" ಎಂಬ ಒಂದು ಸಾಲು ಸೇರಿಸಲು ನಗರಾಭಿವೃದ್ಧಿ ಇಲಾಖೆಗೆ ಬರೆಯಿರಿ. ಇದೆ ಎಂದವರ ಪಟ್ಟಿ ತಾನಾಗಿ ಜಿಲ್ಲಾ ಆರೋಗ್ಯಾಧಿಕಾರಿಯ ಮೇಜಿಗೆ ಹೋಗಲಿ. ಇನ್ನೊಂದು, ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ರಸೀದಿ. ಯಾವ ಲೇಸರ್, ಎಷ್ಟು ಪವರ್, ಯಾರು ಮಾಡಿದರು, ಯಾವ ಡಾಕ್ಟರು ಮೊದಲು ಮುಖ ನೋಡಿ ಒಪ್ಪಿದರು, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು ಎಂಬ ಐದು ಮಾತು ಅದರಲ್ಲಿ ಕನ್ನಡದಲ್ಲಿ ಇರಲಿ. ಹಾಗೆ ಬರೆದುಕೊಡಬೇಕು ಅಂದರೆ ಎಷ್ಟೋ ಜನ ಆ ಮೆಷಿನ್ ಮುಟ್ಟುವುದಕ್ಕೇ ಯೋಚಿಸುತ್ತಾರೆ. ಏನಾದರೂ ಎಡವಟ್ಟಾದರೆ ಮುಂದೆ ನೋಡುವ ಡಾಕ್ಟರಿಗೂ ದಾರಿ ಇರುತ್ತದೆ.

ಪಾರ್ಲರುಗಳನ್ನು ಮುಚ್ಚಿಸಿ ಎಂದು ದಯವಿಟ್ಟು ಓದಿಕೊಳ್ಳಬೇಡಿ. ಥ್ರೆಡಿಂಗ್, ವ್ಯಾಕ್ಸಿಂಗ್, ಮದುವೆ ಮೇಕಪ್ ಮಾಡಿಕೊಂಡು ಮನೆ ನಡೆಸುವ ಹೆಣ್ಣುಮಕ್ಕಳು ನಮ್ಮ ಬೀದಿಯಲ್ಲೇ ನಾಲ್ಕು ಜನ ಇದ್ದಾರೆ. ಅವರ ಹೊಟ್ಟೆಪಾಡಿಗೆ ಲೇಸರ್ ಬೇಕಾಗಿಲ್ಲ. ಸಾಲ ಮಾಡಿ ಮೆಷಿನ್ ಕೊಳ್ಳಿ ಎಂದು ಅವರ ಬೆನ್ನು ಬಿದ್ದಿರುವ ಮಾರಾಟಗಾರರಿಂದ ಅವರನ್ನೂ ಉಳಿಸಬೇಕಾಗಿದೆ. ಜೊತೆಗೆ, ಜಿಲ್ಲೆಗಳಲ್ಲಿರುವ ಸರ್ಕಾರಿ ವೈದ್ಯಕೀಯ ಕಾಲೇಜುಗಳ ಚರ್ಮರೋಗ ವಿಭಾಗಕ್ಕೆ ಒಳ್ಳೆಯ ಲೇಸರ್ ಕೊಡಿ, ಕಲಿತ ಕೈ ಕೊಡಿ. ಅಗತ್ಯ ಇರುವವರು ಚೀಟಿ ದುಡ್ಡು ಹಿಡಿದು ಆಫರ್ ಹುಡುಕುವುದು ತಪ್ಪುತ್ತದೆ.

ತಂಗಿ ಈಗ ಆ ಡಾಕ್ಟರು ಹೇಳಿದಂತೆ ನಡೆಯುತ್ತಿದ್ದಾಳೆ. ಬೆಳಿಗ್ಗೆ ಸನ್‌ಸ್ಕ್ರೀನ್, ರಾತ್ರಿ ಮುಲಾಮು, ಹೊರಗೆ ಹೋದರೆ ಕೊಡೆ. ಕಪ್ಪು ಸ್ವಲ್ಪ ಇಳಿದಿದೆ. ಬಿಳಿ ಚುಕ್ಕೆ ಹಾಗೇ ಇದೆ. ಈ ಪತ್ರವನ್ನು ಅವಳಿಗೆ ಓದಿ ಹೇಳಿ, ಅವಳು ಹೂಂ ಅಂದ ಮೇಲೆಯೇ ಕಳಿಸುತ್ತಿದ್ದೇನೆ.

ಇನ್ನು ಕೆಲವೇ ವಾರಕ್ಕೆ ಆಷಾಢ ಬರುತ್ತದೆ ಸರ್. ಆಫರ್ ಬೋರ್ಡುಗಳು ಏಳುವ ಮೊದಲು ನಿಮ್ಮ ಸುತ್ತೋಲೆ ಬರಲಿ.

ನಿಮ್ಮ ವಿಶ್ವಾಸಿ,
ಒಬ್ಬ ಹೈಸ್ಕೂಲ್ ವಿಜ್ಞಾನ ಟೀಚರ್