ಯಾರ ತಪ್ಪಿಗೆ ಯಾರಿಗೆ ಶಿಕ್ಷೆ?

ಮಾನ್ಯರೇ,

ಸಮ್ಮಿಶ್ರ ಸರ್ಕಾರದಲ್ಲಿ ಯಾರ ತಪ್ಪು ಯಾವುದು ಎಂದು ಜನರಿಗೆ ತಿಳಿಯುವುದಿಲ್ಲ, ಸಿಕ್ಕವರ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಾರೆ ಎಂಬ ಮಾತು ಆಗಾಗ ಕೇಳುತ್ತೇವೆ. ಗುಬ್ಬಿ ತಾಲ್ಲೂಕಿನ ಸಹಕಾರ ಸಂಘವೊಂದರಲ್ಲಿ ಗುಮಾಸ್ತನಾಗಿದ್ದ ನಾನು ಈ ಮಾತನ್ನು ಒಪ್ಪುವುದಿಲ್ಲ.

ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿ, ಕಾಂಗ್ರೆಸ್ ಮತ್ತು ಜೆಡಿಎಸ್ (ದಳ) ಸೇರಿ ಸರ್ಕಾರ ನಡೆಸುತ್ತಿದ್ದ 2018ರ ಸಾಲಮನ್ನಾ ದಿನಗಳನ್ನೇ ನೋಡಿ. ಆಧಾರ್, ರೇಷನ್ ಕಾರ್ಡ್, ಪಹಣಿಯ ಜೆರಾಕ್ಸ್ ಹಿಡಿದು ರೈತರು ನಮ್ಮ ಕೌಂಟರ್ ಮುಂದೆ ನಿಲ್ಲುತ್ತಿದ್ದರು. ಪಟ್ಟಿಯಲ್ಲಿ ಹೆಸರಿಲ್ಲದ ಹಿರಿಯರೊಬ್ಬರಿಗೆ ಕಾಂಗ್ರೆಸ್ ಕಡೆಯ ಹುಡುಗ, 'ದಳದವರು ತಡ ಮಾಡ್ತಿದ್ದಾರೆ' ಅಂದ. ದಳದವನು, 'ಕಾಂಗ್ರೆಸ್‌ನವರು ಕೆಲಸ ಮಾಡೋಕೆ ಬಿಡ್ತಿಲ್ಲ' ಅಂದ. ಆ ಹಿರಿಯರು ಇಬ್ಬರನ್ನೂ ಸುಮ್ಮನಾಗಿಸಿದರು: 'ಹಣಕಾಸು ಕುಮಾರಣ್ಣನ ಹತ್ರ ಐತೆ, ಸಹಕಾರ ಖಾತೇನೂ ದಳದ್ದೇ. ಇದ್ರಲ್ಲಿ ಕಾಂಗ್ರೆಸ್‌ನ ಯಾಕೆ ಬೈತೀಯ?' ಪೇಪರ್ ಓದುವ ಮನುಷ್ಯ, ಅಷ್ಟೇ. ಖಾತೆ ಯಾರದು ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಆದರೆ 2019ರ ಲೋಕಸಭಾ ಚುನಾವಣೆಯಲ್ಲಿ ಅವರು ಏನು ಮಾಡಬೇಕಿತ್ತು? ಸೀಟು ಹಂಚಿಕೆಯಲ್ಲಿ ಕಾಂಗ್ರೆಸ್‌ಗೆ 21, ದಳಕ್ಕೆ 7. ನಮ್ಮ ತುಮಕೂರಿನಲ್ಲಿ ಕಾಂಗ್ರೆಸ್ಸಿನ ಹಾಲಿ ಸಂಸದರಿಗೇ ಟಿಕೆಟ್ ತಪ್ಪಿಸಿ ದೇವೇಗೌಡರನ್ನು ನಿಲ್ಲಿಸಿದರು. ದಳದ ಮೇಲೆ ಸಿಟ್ಟಿದ್ದು ಕಾಂಗ್ರೆಸ್ ಬೇಕು ಅನ್ನುವವನಿಗೆ ಮತಯಂತ್ರದಲ್ಲಿ ಕೈ ಗುರುತೇ ಇರಲಿಲ್ಲ! ಗೌಡರು 13 ಸಾವಿರಕ್ಕೂ ಜಾಸ್ತಿ ಮತಗಳಿಂದ ಸೋತರು. ರಾಜ್ಯದಲ್ಲಿ ಎರಡೂ ಪಕ್ಷಗಳಿಗೆ ಸಿಕ್ಕಿದ್ದು ಒಂದೊಂದೇ ಸೀಟು. ಮೋದಿ ಅಲೆ ಇತ್ತು, ನಿಜ. ಆದರೂ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಬುದ್ಧಿ ಕಲಿಸುವ ದಾರಿಯನ್ನು ಈ ಪಕ್ಷಗಳೇ ಮುಚ್ಚಿದ್ದವು ಅಲ್ವಾ?

ದಾರಿ ತೆರೆದಿದ್ದಾಗ ಇದೇ ಜನ ಲೆಕ್ಕ ಸರಿಯಾಗಿ ಚುಕ್ತಾ ಮಾಡಿದ್ದಾರೆ. 2006ರಲ್ಲಿ ದಳ ಮತ್ತು ಬಿಜೆಪಿ 20 ತಿಂಗಳಿಗೊಮ್ಮೆ ಅಧಿಕಾರ ಬದಲಿಸಿಕೊಳ್ಳುವ ಮಾತಾಗಿತ್ತು. ಬಿಜೆಪಿಯ ಸರದಿ ಬಂದಾಗ ದಳ ಕುರ್ಚಿ ಬಿಟ್ಟುಕೊಡಲಿಲ್ಲ. ಆಮೇಲೆ ಬಿಜೆಪಿಯ ಯಡಿಯೂರಪ್ಪ ಪ್ರಮಾಣವಚನ ಸ್ವೀಕರಿಸಿದರೂ ದಳದ ಬೆಂಬಲ ಸಿಗದೆ ವಾರದಲ್ಲೇ ರಾಜೀನಾಮೆ ಕೊಡಬೇಕಾಯಿತು. ಬಿಜೆಪಿ ಊರೂರಿಗೆ ಹೋಗಿ 'ವಚನಭ್ರಷ್ಟರು' ಅಂತ ಸಾರಿತು. 2008ರಲ್ಲಿ ಇಬ್ಬರೂ ಬೇರೆ ಬೇರೆ ನಿಂತರು. ದಳ 58ರಿಂದ 28ಕ್ಕೆ ಇಳಿಯಿತು, ಬಿಜೆಪಿ 79ರಿಂದ 110ಕ್ಕೆ ಏರಿತು. ಕ್ಷೇತ್ರ ಮರುವಿಂಗಡಣೆಯೂ ಆಗಿದ್ದ ಚುನಾವಣೆ ಅದು. ಆದರೂ ಒಂದೇ ಸರ್ಕಾರದಲ್ಲಿದ್ದ ಇಬ್ಬರಲ್ಲಿ ಯಾರ ಮೇಲೆ ಮುನಿಸು ಎಂಬುದನ್ನು ಜನ ಮುಚ್ಚಿಡಲಿಲ್ಲ.

ಈಗ ದಳ ಮತ್ತು ಬಿಜೆಪಿ ಮತ್ತೆ ಒಂದಾಗಿವೆ. ಮೈತ್ರಿ ಮಾಡಿಕೊಳ್ಳುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಸೀಟು ಹಂಚಿಕೊಳ್ಳುವ ದಿನವೇ ಯಾವ ಭರವಸೆಗೆ ಯಾವ ಪಕ್ಷ ಜವಾಬ್ದಾರಿ ಎಂದು ಬರೆದು ಪ್ರಕಟಿಸಲಿ. 2018ರಲ್ಲಿ ಸಿದ್ದರಾಮಯ್ಯನವರ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್-ದಳ ಸಮನ್ವಯ ಸಮಿತಿ ಇತ್ತು. ಅದರ ಸಭೆಗಳು ಬಾಗಿಲು ಹಾಕಿಕೊಂಡೇ ನಡೆದವು. ಮುಂದೆ ಅಂಥ ಸಮಿತಿ ಬಂದರೆ ಯಾರು ಏನು ಕೇಳಿದರು, ಯಾರು ತಡೆದರು ಎಂಬ ನಡಾವಳಿ ವಿಧಾನಸಭೆಯಲ್ಲಿ ಮಂಡನೆಯಾಗಲಿ.

– ನಿವೃತ್ತ ಸಹಕಾರ ಸಂಘದ ಗುಮಾಸ್ತ, ಗುಬ್ಬಿ ತಾಲ್ಲೂಕು